ಜೋಳಿಗೆಯಿಂದ ಒಟಿಪಿವರೆಗೆ

ಅಂಕ ತೆಗೆದವರಿಗೆ ಹಣವಿದೆ. ಬಡವರಿಗೂ ಇದೆ. ಊರಿಗಾಗಿ ಮೈ ಮುರಿದ ವಿದ್ಯಾರ್ಥಿಗೆ? ಹೊಳಲ್ಕೆರೆ ತಾಲ್ಲೂಕಿನ ರಾಮಗಿರಿಯಲ್ಲಿ ನಿಂತು ವಿದ್ಯಾರ್ಥಿವೇತನದ ಅರ್ಜಿ ಓದಿದರೆ, ಅದರಲ್ಲಿ ಇಲ್ಲದ ಒಂದು ಕಾಲಂ ಕಣ್ಣಿಗೆ ಬೀಳುತ್ತದೆ.

ಬೆಳಗಿನ ಹತ್ತು ಗಂಟೆ. ರಾಮಗಿರಿಯ ಕರಿಸಿದ್ದೇಶ್ವರ ಬೆಟ್ಟದ ನೆತ್ತಿಯ ಮೋಡ ಇನ್ನೂ ಕದಲಿಲ್ಲ. ಕೆಳಗೆ ಜೆರಾಕ್ಸ್ ಅಂಗಡಿ ಮುಂದೆ ಆಗಲೇ ಎಂಟ್ಹತ್ತು ಹುಡುಗ ಹುಡುಗಿಯರು. ಎಲ್ಲರ ಕೈಯಲ್ಲೂ ಪ್ಲಾಸ್ಟಿಕ್ ಕವರ್. ಒಳಗೆ ಮಾರ್ಕ್ಸ್ ಕಾರ್ಡ್, ಆಧಾರ್, ಜಾತಿ–ಆದಾಯ ಪ್ರಮಾಣಪತ್ರ, ಪಾಸ್‌ಬುಕ್ಕಿನ ಮೊದಲ ಪುಟ.

‘ಒಟಿಪಿ ಬಂತೇನಮ್ಮಾ?’

‘ನಮ್ಮಪ್ಪನ ಮೊಬೈಲಿಗೆ ಹೋಗೈತಣ್ಣ. ಅವ್ರು ತೋಟದಾಗಿದಾರೆ.’

ಹುಡುಗಿ ಫೋನ್ ಹಚ್ಚುತ್ತಾಳೆ. ಅಡಿಕೆ ತೋಟದಲ್ಲಿರುವ ಅಪ್ಪನಿಗೆ ಮೆಸೇಜ್ ತೆಗೆಯಲು ಬರುವುದಿಲ್ಲ. ಪಕ್ಕದ ತೋಟದವರನ್ನು ಕೂಗಿ ಕರೆದು, ಅವರು ಕನ್ನಡಕ ಹಾಕಿಕೊಂಡು ಆರು ಅಂಕಿ ಓದುವಷ್ಟರಲ್ಲಿ ಗಡುವು ಮುಗಿದಿದೆ. ‘ಟೈಮ್ ಹೋತು, ಇನ್ನೊಂದ್ಸಲ ಕಳಿಸ್ತೀನಿ ಇರು’ ಎನ್ನುತ್ತಾನೆ ಅಂಗಡಿಯವನು. ಅವನಿಗೆ ಸಿಟ್ಟಿಲ್ಲ. ಅರ್ಜಿಯ ಸೀಸನ್ನಿನಲ್ಲಿ ಇದು ನಿತ್ಯದ ಮಾತು.

ಡಿಗ್ರಿ ಅಡ್ಮಿಷನ್ ಮುಗಿಯುತ್ತಿದ್ದಂತೆ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಚಿತ್ರದುರ್ಗ ಎಲ್ಲ ಕಡೆ ಇದೇ ನೋಟ. ಎಸ್ಸೆಸ್ಪಿ ಎಂದರೆ ಇಲ್ಲಿ ಪೊಲೀಸ್ ಸಾಹೇಬರಲ್ಲ, ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್. ಸಮಾಜ ಕಲ್ಯಾಣ, ಪರಿಶಿಷ್ಟ ಪಂಗಡಗಳ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆ – ಇವೆಲ್ಲವುಗಳ ಬಾಗಿಲೂ ಈಗ ಅದೊಂದೇ. ತಹಶೀಲ್ದಾರರ ಪ್ರಮಾಣಪತ್ರದ ಆರ್‌ಡಿ ನಂಬರ್ ಒತ್ತಿದರೆ ಜಾತಿ, ಆದಾಯ ತಾನಾಗಿಯೇ ಮೂಡುತ್ತದೆ. ಹಣ ನೇರ ಆಧಾರ್ ಜೋಡಿಸಿದ ಖಾತೆಗೆ. ನಡುವೆ ಕೈಗಳಿಲ್ಲ, ಕಮಿಷನ್ ಇಲ್ಲ. ಹಳೆಯ ಕಾಲದ ಚೆಕ್ಕು, ಗುಮಾಸ್ತ, ‘ನಾಳೆ ಬಾ’ಗಳನ್ನು ಕಂಡವರಿಗೆ ಇದು ಸಣ್ಣ ಸುಧಾರಣೆಯೇನಲ್ಲ.

ಆದರೂ ಅರ್ಜಿಯನ್ನು ಮೇಲಿಂದ ಕೆಳಗೆ ಓದಿ ನೋಡಿ. ಅಪ್ಪನ ಆದಾಯ ಎಷ್ಟು, ನಿನ್ನ ಅಂಕ ಎಷ್ಟು, ಕೋರ್ಸ್ ಯಾವುದು, ಹಾಸ್ಟೆಲ್ಲೋ ಮನೆಯೋ – ಎಲ್ಲ ಕೇಳುತ್ತದೆ. ಊರಿಗೆ ನೀನೇನು ಮಾಡಿದೆ ಎಂದು ಮಾತ್ರ ಎಲ್ಲೂ ಕೇಳುವುದಿಲ್ಲ. ಒಂದು ಕಾಲದಲ್ಲಿ ಇದೇ ತಾಲ್ಲೂಕಿನಲ್ಲಿ ಲೆಕ್ಕ ಬೇರೆಯಿತ್ತು.

ತಿರುಕನ ವಿದ್ಯಾರ್ಥಿವೇತನ

ಹೊಳಲ್ಕೆರೆ ತಾಲ್ಲೂಕಿನದೇ ಊರು ಮಲ್ಲಾಡಿಹಳ್ಳಿ. 1943ರಲ್ಲಿ ಅಲ್ಲಿ ಅನಾಥ ಸೇವಾಶ್ರಮ ಕಟ್ಟಿದ ರಾಘವೇಂದ್ರ ಸ್ವಾಮೀಜಿ ಬರೆಯುವಾಗ ಇಟ್ಟುಕೊಂಡ ಹೆಸರು ‘ತಿರುಕ’. ಅದು ವಿನಯಕ್ಕೆ ಇಟ್ಟುಕೊಂಡ ಹೆಸರೇನಲ್ಲ, ಅವರ ಕಸುಬೇ ಅದು. ಹೆಗಲಿಗೆ ಜೋಳಿಗೆ ಹಾಕಿಕೊಂಡು ಊರೂರು ಸುತ್ತಿ ಬೇಡಿದರು. ಬೇಡಿ ತಂದದ್ದರಲ್ಲಿ ಶಾಲೆ, ವಿದ್ಯಾರ್ಥಿನಿಲಯ, ಶಿಕ್ಷಕರ ತರಬೇತಿ, ವ್ಯಾಯಾಮ ಶಿಕ್ಷಣ, ಆಯುರ್ವೇದ ಎಂದು ಒಂದೊಂದಾಗಿ ಎಬ್ಬಿಸಿದರು. ಅವರ ಆತ್ಮಕಥೆಯ ಹೆಸರೂ ‘ಜೋಳಿಗೆಯ ಪವಾಡ’.

ಸ್ವಾಮೀಜಿ ಎಂದೊಡನೆ ಮಠ, ಪೀಠ, ಪಲ್ಲಕ್ಕಿ ನೆನೆಯುವವರು ಮಲ್ಲಾಡಿಹಳ್ಳಿಗೆ ಬಂದರೆ ಗೊಂದಲಕ್ಕೆ ಬೀಳುತ್ತಿದ್ದರು. ಇವರು ಯೋಗ ಕಲಿಸುವ ಮೇಷ್ಟ್ರು, ನಾಡಿ ಹಿಡಿಯುವ ವೈದ್ಯರು, ಸಾಲದ್ದಕ್ಕೆ ನಾಟಕವನ್ನೂ ಬರೆಯುವವರು. 1996ರಲ್ಲಿ ತೀರಿಕೊಳ್ಳುವವರೆಗೂ ಅವರ ದಿನಚರಿ ಹುಡುಗರ ಜತೆಗೇ.

ಆಶ್ರಮದ ಹುಡುಗನಿಗೆ ಊಟ, ಪಾಠ ಸಿಗುತ್ತಿತ್ತು. ಹಾಗೆಂದು ಬಿಟ್ಟಿ ಉಂಡು ಹೋಗುವ ಜಾಗ ಅದಾಗಿರಲಿಲ್ಲ. ಬೆಳಗಿನ ಜಾವದ ವ್ಯಾಯಾಮವೂ ಮೈಗಳ್ಳತನ ಬಿಟ್ಟ ದುಡಿಮೆಯೂ ಓದಿನಷ್ಟೇ ಮುಖ್ಯವಾಗಿದ್ದವು. ಸಾಧನೆ, ಸೇವೆ, ನಾಯಕತ್ವ ಎಂದು ಇಂದಿನ ವಿಶ್ವವಿದ್ಯಾಲಯಗಳು ಕರಪತ್ರದಲ್ಲಿ ಅಚ್ಚು ಹಾಕಿಸುವ ಪದಗಳು ಅಲ್ಲಿ ದಿನದ ವೇಳಾಪಟ್ಟಿಯೊಳಗೇ ಸೇರಿದ್ದವು.

ಮಲ್ಲಾಡಿಹಳ್ಳಿಗಿಂತ ಮೊದಲೇ ಜಿಲ್ಲೆಗೆ ಈ ರೂಢಿಯಿತ್ತು. ಚಿತ್ರದುರ್ಗ ಬೃಹನ್ಮಠದ ಜಯದೇವ ಜಗದ್ಗುರುಗಳು ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ ದಾವಣಗೆರೆ, ಬೆಂಗಳೂರು ಮುಂತಾದ ಕಡೆ ಉಚಿತ ಪ್ರಸಾದ ನಿಲಯಗಳನ್ನು ತೆರೆಸಿದರು. ಬೆಂಗಳೂರಿನ ಹೃದ್ರೋಗ ಆಸ್ಪತ್ರೆಯ ‘ಜಯದೇವ’ ಅವರೇ. ಇತ್ತ ಸಿರಿಗೆರೆಯ ತರಳಬಾಳು ಮಠ ಹಳ್ಳಿಹಳ್ಳಿಗೆ ಶಾಲೆ ಕೊಟ್ಟಿತು. ಅದರ ಈಗಿನ ಗುರುಗಳಾದ ಶಿವಮೂರ್ತಿ ಶಿವಾಚಾರ್ಯರು ಕಾಶಿಯಲ್ಲಿ ಡಾಕ್ಟರೇಟ್ ಮಾಡಿ, ವಿಯೆನ್ನಾದಲ್ಲೂ ಅಧ್ಯಯನ ನಡೆಸಿ ಬಂದು, ಪಾಣಿನಿಯ ವ್ಯಾಕರಣಕ್ಕೆ ‘ಗಣಕಾಷ್ಟಾಧ್ಯಾಯಿ’ ಎಂಬ ತಂತ್ರಾಂಶ ರೂಪಿಸಿದರು.

ಪ್ರಸಾದ ನಿಲಯವೂ ಸಿಗದ ಹುಡುಗರಿಗೆ ವಾರಾನ್ನ. ಸೋಮವಾರ ವಕೀಲರ ಮನೆ, ಮಂಗಳವಾರ ಮೇಷ್ಟರ ಮನೆ. ಒಂದು ಮನೆಯವರು ಊರಿಗೆ ಹೋದರೆ ಆ ದಿನ ಉಪವಾಸ. ಅದನ್ನು ಹೊಗಳುವ ಹುಚ್ಚು ಬೇಡ. ಉಣ್ಣಿಸುವ ಮನೆ ಜಾತಿ ನೋಡುತ್ತಿತ್ತು, ಮಠದ ಹಾಸ್ಟೆಲ್ಲುಗಳಲ್ಲೂ ಎಲ್ಲ ಕಡೆ ಎಲ್ಲರಿಗೂ ಪಂಕ್ತಿ ಇರಲಿಲ್ಲ. ಹತ್ತರಲ್ಲಿ ನಾಲ್ಕು ಮಂದಿ ಪರಿಶಿಷ್ಟ ಜಾತಿ, ಪಂಗಡಗಳವರೇ ಇರುವ ಈ ಜಿಲ್ಲೆಯಲ್ಲಿ ದಾನದ ವಿದ್ಯೆ ಯಾರ ಮನೆ ಬಾಗಿಲಿಗೆ ಬಂತು, ಯಾರ ಬಾಗಿಲನ್ನು ದಾಟಿ ಹೋಯಿತು ಎಂಬುದನ್ನು ಕೇಳಲೇಬೇಕು. ಸರ್ಕಾರದ ವಿದ್ಯಾರ್ಥಿವೇತನ ಹುಟ್ಟಿದ್ದೇ ಆ ಪ್ರಶ್ನೆಯಿಂದ.

ಮೈಸೂರು ಸಂಸ್ಥಾನದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು 1918ರಲ್ಲಿ ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಮರುವರ್ಷ ಬಂದ ಅದರ ವರದಿ ಹಿಂದುಳಿದವರಿಗೆ ನೌಕರಿಯಲ್ಲಿ ಪಾಲು ಕೊಡುವುದರ ಜತೆಗೆ ಓದಲು ವಿದ್ಯಾರ್ಥಿವೇತನವನ್ನೂ ಕೊಡಬೇಕೆಂದಿತು. ದಿವಾನ್ ವಿಶ್ವೇಶ್ವರಯ್ಯನವರಿಗೆ ಆ ಧೋರಣೆ ಒಪ್ಪಿಗೆಯಾಗದೆ ಹುದ್ದೆ ಬಿಟ್ಟದ್ದು ಎಲ್ಲರಿಗೂ ಗೊತ್ತಿರುವ ಕಥೆ. ಅವರೇ ಪುಣೆಯಲ್ಲಿ ಎಂಜಿನಿಯರಿಂಗ್ ಓದಿದ್ದು ಮೈಸೂರು ಸರ್ಕಾರದ ನೆರವಿನಿಂದ ಎಂಬುದನ್ನು ಅಷ್ಟಾಗಿ ಯಾರೂ ಹೇಳುವುದಿಲ್ಲ.

---

ಹನ್ನೊಂದೂವರೆ ಪೌಂಡ್, ಹತ್ತು ವರ್ಷದ ಕರಾರು

1913. ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡ್ ಅವರ ಸಂಸ್ಥಾನದ ವಿದ್ಯಾರ್ಥಿವೇತನ ಪಡೆದು ಭೀಮರಾವ್ ಅಂಬೇಡ್ಕರ್ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟರು. ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷ. ಬದಲಿಗೆ ಹತ್ತು ವರ್ಷ ಬರೋಡಾದಲ್ಲಿ ಸೇವೆ ಸಲ್ಲಿಸಬೇಕೆಂಬ ಕರಾರು. 1917ರಲ್ಲಿ ಕರಾರಿನಂತೆ ಬಂದು ಕೆಲಸಕ್ಕೆ ಸೇರಿದರು. ಆ ಊರಲ್ಲಿ ಅವರಿಗೆ ಉಳಿಯಲು ಮನೆ ಸಿಗಲಿಲ್ಲ. ಕರಾರು ಮುರಿದದ್ದು ಊರು.

ಪರಿಶಿಷ್ಟ ಜಾತಿ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ಭಾರತ ಸರ್ಕಾರ 1944ರಲ್ಲಿ ಶುರುಮಾಡಿದಾಗ ಅಂಬೇಡ್ಕರ್ ವೈಸರಾಯ್ ಕಾರ್ಯಕಾರಿ ಮಂಡಳಿಯ ಸದಸ್ಯರಾಗಿದ್ದರು.

---

ಪದಕದ ಚಿನ್ನ

ಚಿತ್ರದುರ್ಗದ ಪದವೀಧರರ ಪ್ರಮಾಣಪತ್ರದ ಮೇಲಿನ ಹೆಸರು ಮೂರು ತಲೆಮಾರಿನಲ್ಲಿ ಎರಡು ಸಲ ಬದಲಾಗಿದೆ. ಅಜ್ಜ ಓದಿದ್ದರೆ ಮೈಸೂರು ವಿಶ್ವವಿದ್ಯಾಲಯ. 1987ರ ನಂತರ ಅಪ್ಪನಿಗೆ ಕುವೆಂಪು. 2009ರಿಂದ ಮಗಳಿಗೆ ದಾವಣಗೆರೆ. ತೋಳಹುಣಸೆಯ ಶಿವಗಂಗೋತ್ರಿ ದೂರವಾದವರಿಗೆ ಚಿತ್ರದುರ್ಗದ ಪಕ್ಕ ಜಿ.ಆರ್. ಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಸ್ನಾತಕೋತ್ತರ ಕೇಂದ್ರವಿದೆ.

ಹೆಸರು ಯಾವುದಿದ್ದರೂ ಘಟಿಕೋತ್ಸವದ ಮರುದಿನ ಪತ್ರಿಕೆಯ ಫೋಟೊ ಒಂದೇ. ಕೊರಳ ತುಂಬ ಪದಕ ಹಾಕಿಕೊಂಡ ಹುಡುಗಿ, ಪಕ್ಕದಲ್ಲಿ ಸೆರಗು ಸರಿಪಡಿಸಿಕೊಳ್ಳುತ್ತಿರುವ ಅಮ್ಮ. ‘ಹಮಾಲಿಯ ಮಗಳಿಗೆ ಚಿನ್ನ’, ‘ಕೂಲಿಕಾರನ ಮಗನಿಗೆ ಐದು ಪದಕ’ ಎಂಬ ತಲೆಬರಹ. ಓದಿದವರಿಗೆ ಕಣ್ಣು ತುಂಬಿ ಬರುತ್ತದೆ. ಮುಂದಿನ ಫೆಬ್ರುವರಿಯಲ್ಲಿ ಆ ಹುಡುಗಿ ಏನು ಮಾಡುತ್ತಿದ್ದಾಳೆ ಎಂದು ವಿಚಾರಿಸಿದ ಪತ್ರಿಕೆಯನ್ನು ನಾನಂತೂ ಕಂಡಿಲ್ಲ.

ಪದಕದ ಒಳಗುಟ್ಟೂ ಸ್ವಾರಸ್ಯದ್ದು. ದಾನಿಯೊಬ್ಬರು ತಂದೆಯ ಹೆಸರಲ್ಲಿ ವಿಶ್ವವಿದ್ಯಾಲಯಕ್ಕೆ ದತ್ತಿ ಕೊಡುತ್ತಾರೆ. ಆ ಗಂಟು ಬ್ಯಾಂಕಿನಲ್ಲಿ ಕೂರುತ್ತದೆ. ಬಡ್ಡಿಯಲ್ಲಿ ವರ್ಷಕ್ಕೊಂದು ಪದಕ. ಗಂಟು ಇದ್ದಷ್ಟೇ ಇರುತ್ತದೆ, ಚಿನ್ನದ ದರ ಇರಬೇಕಲ್ಲ! ಹಾಗಾಗಿ ಹಲವು ವಿಶ್ವವಿದ್ಯಾಲಯಗಳಲ್ಲಿ ಚಿನ್ನದ ಪದಕ ಎಂದರೆ ಈಗ ಚಿನ್ನದ ಲೇಪ ಮಾತ್ರ. ಹುಡುಗಿಯ ಬುದ್ಧಿಗೆ ಅದರಿಂದ ಕುಂದಿಲ್ಲ. ಆದರೆ ಅದೇ ಬಡ್ಡಿ ನಗದಾಗಿ ಕೈಗೆ ಬಂದಿದ್ದರೆ ಬಿ.ಇಡಿ ಅರ್ಜಿ ಶುಲ್ಕಕ್ಕಾದರೂ ಆಗುತ್ತಿತ್ತು.

ನಗದು ಕೊಡುವ ಯೋಜನೆಗಳೂ ಇವೆ. ಪರಿಶಿಷ್ಟರ ಮಕ್ಕಳು ಮೊದಲ ಯತ್ನದಲ್ಲೇ ಪ್ರಥಮ ದರ್ಜೆಯಲ್ಲಿ ಪಾಸಾದರೆ ಸಮಾಜ ಕಲ್ಯಾಣ ಇಲಾಖೆಯ ಪ್ರೋತ್ಸಾಹಧನವಿದೆ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ವಿದ್ಯಾರ್ಥಿಗೆ ‘ವಿದ್ಯಾಸಿರಿ’. ಯೋಜನೆ ಗೊತ್ತುಮಾಡಿದ್ದು ತಿಂಗಳಿಗೆ 1,500 ರೂಪಾಯಿಯಂತೆ ಹತ್ತು ತಿಂಗಳು. ಊಟ, ಬಾಡಿಗೆ ಎರಡಕ್ಕೂ ಸೇರಿ ದಿನಕ್ಕೆ ಐವತ್ತು. 2021ರಲ್ಲಿ ಬಂದ ‘ರೈತ ವಿದ್ಯಾನಿಧಿ’ ಬಿ.ಎ., ಬಿ.ಕಾಂ. ಓದುವ ರೈತರ ಮಗನಿಗೆ ವರ್ಷಕ್ಕೆ 5,000, ಮಗಳಿಗೆ 5,500 ಎಂದು ಹೇಳಿತು. ಹೆಣ್ಣುಮಗಳಿಗೆ ಐನೂರು ಹೆಚ್ಚು: ಸರ್ಕಾರಿ ಲೆಕ್ಕದಲ್ಲಿ ಅಪರೂಪಕ್ಕೆ ಕಾಣುವ ಅಕ್ಕರೆ.

ನನ್ನ ತಕರಾರು ಮೊತ್ತಕ್ಕಿಂತ ಹೆಚ್ಚಾಗಿ ಹೊತ್ತಿನದು. ಫೀಸು ಕಟ್ಟಬೇಕಾದದ್ದು ಅಡ್ಮಿಷನ್ ದಿನ. ಹಣ ಖಾತೆಗೆ ಬೀಳುವುದು ಎಷ್ಟೋ ಸಲ ಪರೀಕ್ಷೆ ಹತ್ತಿರವಾದಾಗ. ನಡುವಿನ ತಿಂಗಳುಗಳಲ್ಲಿ ಅಮ್ಮ ಸ್ತ್ರೀಶಕ್ತಿ ಸಂಘದಿಂದ ಸಾಲ ಎತ್ತಿರುತ್ತಾಳೆ, ಇಲ್ಲವೇ ಮೆಕ್ಕೆಜೋಳದ ಗೊಬ್ಬರದ ದುಡ್ಡು ಕಾಲೇಜಿಗೆ ಹೋಗಿರುತ್ತದೆ. ಹಾಗೆ ಬಂದ ವಿದ್ಯಾರ್ಥಿವೇತನ ಸಾಲ ತೀರಿಸುತ್ತದೆ, ಓದಿಸುವುದು ಸಾಲವೇ.

ಸಂಶೋಧನೆ ಎಂಬ ದೂರದೂರು

ಸಂಶೋಧನೆಗೆ ಹಣವಿಲ್ಲ ಎನ್ನುವಂತಿಲ್ಲ. ನೆಟ್ ಪರೀಕ್ಷೆಯಲ್ಲಿ ಜೆಆರ್‌ಎಫ್ ಗಿಟ್ಟಿಸಿದವರಿಗೆ 2023ರಿಂದ ತಿಂಗಳಿಗೆ 37,000 ರೂಪಾಯಿ. ಪ್ರಧಾನಮಂತ್ರಿ ಸಂಶೋಧನಾ ಫೆಲೋಶಿಪ್ 2018ರಲ್ಲಿ 70,000ದಿಂದ ಶುರುವಾಯಿತು. ರಾಮಗಿರಿಯ ಬಿ.ಎಸ್ಸಿ. ಹುಡುಗಿಗೆ ಈ ಅಂಕಿಗಳು ಎಟುಕುವ ಮಾತೇ ಎಂಬುದು ಬೇರೆ ಪ್ರಶ್ನೆ. ಅವಳ ಪಾಲಿಗೆ ಸಂಶೋಧನೆ ಎಂದರೆ ಬೆಂಗಳೂರು.

ಎಟುಕಿಸಲು ನೋಡಿದ ಯೋಜನೆಗಳಲ್ಲಿ ನನಗೆ ಜಾಣತನದ್ದು ಎನಿಸಿದ್ದು 2008ರ ‘ಇನ್‌ಸ್ಪೈರ್’. ಮೂಲವಿಜ್ಞಾನ ಓದುವವರಿಗೆ ವರ್ಷಕ್ಕೆ 80,000. ಅದರಲ್ಲಿ 60,000 ಕೈಗೆ, ಉಳಿದ 20,000 ಬೇಸಿಗೆ ರಜೆಯಲ್ಲಿ ಮಾರ್ಗದರ್ಶಕರೊಬ್ಬರ ಬಳಿ ಪ್ರಾಜೆಕ್ಟ್ ಮಾಡುವುದಕ್ಕೆ. ಅಂದರೆ ಹಣದ ಜತೆ ಕೆಲಸವನ್ನೂ ಕಟ್ಟಿದ್ದಾರೆ.

ಕೆಲಸಕ್ಕೇನು ಬರ? ಚಂದ್ರವಳ್ಳಿಯಲ್ಲಿ ಎಂ.ಎಚ್. ಕೃಷ್ಣ ಉತ್ಖನನ ಮಾಡಿದ್ದು 1929ರ ಹೊತ್ತಿಗೆ. ಮೊಳಕಾಲ್ಮೂರಿನ ಬ್ರಹ್ಮಗಿರಿಗೆ 1947ರಲ್ಲಿ ಪುರಾತತ್ವಜ್ಞ ಮಾರ್ಟಿಮರ್ ವೀಲರ್ ಉತ್ಖನನಕ್ಕೆ ಬಂದರು. ಭೀಮಸಮುದ್ರದ ಕಡೆ ಗಣಿ ಲಾರಿಗಳ ಧೂಳು ಅಡಿಕೆ ಎಲೆಯ ಮೇಲೆ ಕೂತರೆ ಇಳುವರಿಗೆ ಏನಾಗುತ್ತದೆ ಎಂದು ರೈತರು ದಿನಾ ವಾದಿಸುತ್ತಾರೆ. ಮೂರು ವರ್ಷ ಎಲೆ ಎಣಿಸಲು ಒಬ್ಬ ವಿದ್ಯಾರ್ಥಿಗೆ ಬಸ್ ಖರ್ಚು ಕೊಟ್ಟರೆ ವಾದಕ್ಕೆ ಒಂದಿಷ್ಟು ಆಧಾರ ಸಿಕ್ಕೀತು. ಚಳ್ಳಕೆರೆಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಕ್ಯಾಂಪಸ್ ಇದೆ, ವಿಜ್ಞಾನ ಶಿಕ್ಷಕರಿಗೆ ಅಲ್ಲಿ ತರಬೇತಿ ನಡೆಯುತ್ತದೆ. ಬೆಂಗಳೂರೇ ಜಿಲ್ಲೆಗೆ ಬಂದು ಕೂತಿದೆ ಅನ್ನಿ.

ಆ ಸಂಸ್ಥೆಯದೇ ಒಂದು ಹೆಸರನ್ನು ಇಲ್ಲಿ ನೆನೆಯಬೇಕು. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ, ಕರ್ನಾಟಕದ ಮೊದಲ ಮಹಿಳಾ ಎಂಜಿನಿಯರ್. ಗಣಿತದಲ್ಲಿ ಬಹುಮಾನಗಳ ಮೇಲೆ ಬಹುಮಾನ ಪಡೆದು, ಸರ್ಕಾರದ ವಿದ್ಯಾರ್ಥಿವೇತನದಲ್ಲಿ ಅಮೆರಿಕದ ಮಿಷಿಗನ್ನಿಗೆ ಹಡಗು ಹತ್ತಿದರು. ಪಿಎಚ್.ಡಿ. ಮುಂದುವರಿಸಲು ನೆರವಾದದ್ದು ಏಷ್ಯಾದ ಹೆಣ್ಣುಮಕ್ಕಳಿಗೆಂದೇ ಅಲ್ಲಿದ್ದ ಬಾರ್ಬರ್ ವಿದ್ಯಾರ್ಥಿವೇತನ. 1953ರಲ್ಲಿ ಮರಳಿ ಬಂದು ವಿಜ್ಞಾನ ಸಂಸ್ಥೆಯಲ್ಲಿ ಮೈಕ್ರೋವೇವ್ ಪ್ರಯೋಗಾಲಯ ಕಟ್ಟುವುದರಲ್ಲಿ ತೊಡಗಿದರು. ಅದೇ ಹೊತ್ತಿನಲ್ಲಿ ಜಗದ್ವಿಖ್ಯಾತ ರೋಡ್ಸ್ ವಿದ್ಯಾರ್ಥಿವೇತನದ ಬಾಗಿಲು ಹೆಣ್ಣುಮಕ್ಕಳಿಗೆ ಮುಚ್ಚಿತ್ತು. ತೆರೆದದ್ದು 1977ರಲ್ಲಿ.

---

ಬಳ್ಳಾರಿಯ ಸಂಸದ, ದೇಶದ ಎನ್ಎಸ್ಎಸ್

ರಾಷ್ಟ್ರೀಯ ಸೇವಾ ಯೋಜನೆ ಹುಟ್ಟಿದ್ದು 1969ರ ಸೆಪ್ಟೆಂಬರ್ 24ರಂದು, ಗಾಂಧಿ ಶತಮಾನೋತ್ಸವ ವರ್ಷದಲ್ಲಿ. ಆರಂಭಿಸಿದ್ದು 37 ವಿಶ್ವವಿದ್ಯಾಲಯಗಳಲ್ಲಿ. ಆಗ ಶಿಕ್ಷಣ ಸಚಿವರಾಗಿದ್ದವರು ಅರ್ಥಶಾಸ್ತ್ರಜ್ಞ ವಿ.ಕೆ.ಆರ್.ವಿ. ರಾವ್, ಲೋಕಸಭೆಗೆ ಅವರು ಆರಿಸಿ ಹೋಗಿದ್ದು ಪಕ್ಕದ ಬಳ್ಳಾರಿಯಿಂದ. ಎರಡು ವರ್ಷದಲ್ಲಿ 240 ಗಂಟೆ ಕೆಲಸ, ಏಳು ದಿನದ ವಿಶೇಷ ಶಿಬಿರ. ಘೋಷವಾಕ್ಯ: ನನಗಲ್ಲ, ನಿನಗೆ.

---

ಸೇವೆಗೆ ಸರ್ಟಿಫಿಕೇಟ್, ಅಷ್ಟೇ

ಎನ್ಎಸ್ಎಸ್ ಶಿಬಿರ ಕಂಡ ಹಳ್ಳಿಯವರಿಗೆ ಗೊತ್ತು. ಮೊದಲ ದಿನ ಹುಡುಗರು ಸೆಲ್ಫಿ ತೆಗೆದುಕೊಳ್ಳುತ್ತಾರೆ. ಮೂರನೇ ದಿನಕ್ಕೆ ಕೈಯಲ್ಲಿ ಬೊಬ್ಬೆ. ಐದನೇ ದಿನ ಊರ ಅಜ್ಜಿಯರು ರೊಟ್ಟಿ ತಂದುಕೊಡತೊಡಗುತ್ತಾರೆ. ಸಮಾರೋಪದಲ್ಲಿ ಗಣ್ಯರ ಭಾಷಣ ಉದ್ದವಾದಷ್ಟೂ ಚರಂಡಿ ಸ್ವಚ್ಛತೆಯ ವರದಿ ಚಿಕ್ಕದಾಗುತ್ತದೆ.

ಆ 240 ಗಂಟೆಗೆ ಸಿಗುವುದು ಪ್ರಮಾಣಪತ್ರ, ಸ್ನಾತಕೋತ್ತರ ಪ್ರವೇಶದಲ್ಲಿ ಬೆರಳೆಣಿಕೆಯ ಸೀಟಿನ ಕೋಟಾ, ಲಕ್ಷಕ್ಕೊಬ್ಬರಿಗೆ ರಾಷ್ಟ್ರಪ್ರಶಸ್ತಿ. ಅಂಕಕ್ಕೆ ಇರುವಂತೆ ಸೇವೆಗೆ ತಿಂಗಳ ವೇತನವಿಲ್ಲ. ದುಡ್ಡು ಕೊಟ್ಟರೆ ಸೇವೆ ಕೂಲಿಯಾಗುತ್ತದೆ ಎಂಬ ವಾದವನ್ನು ಕೇಳಿದ್ದೇನೆ. ಈ ವಾದ ಹೂಡುವವರು ಸಾಮಾನ್ಯವಾಗಿ ಸಂಬಳದಾರರು. ಶಿಬಿರಕ್ಕೆ ಹೋದ ಏಳು ದಿನ ಈರುಳ್ಳಿ ಕಳೆ ತೆಗೆಯುವ ಕೂಲಿ ಕಳೆದುಕೊಂಡ ಹುಡುಗಿಯ ಲೆಕ್ಕ ಅವರಿಗೆ ಗೊತ್ತಿರಲಾರದು. ಸೇವೆಯನ್ನು ಬಿಟ್ಟಿ ಎಂದು ಇಟ್ಟರೆ ಅದು ಅನುಕೂಲಸ್ಥರ ಮನೆ ಮಕ್ಕಳ ಗುಣವಾಗಿ ಉಳಿಯುತ್ತದೆ.

ನಾಯಕತ್ವದ್ದು ಇನ್ನೂ ತಮಾಷೆ. ರೋಡ್ಸ್‌ನಂಥ ಜಾಗತಿಕ ವಿದ್ಯಾರ್ಥಿವೇತನಗಳು ಓದಿನ ಜತೆ ನಡತೆ, ನಾಯಕತ್ವ ನೋಡುತ್ತವೆ. ಆ ಪರೀಕ್ಷೆಯಲ್ಲಿ ಗೆದ್ದ ನಮ್ಮವರು ಗಿರೀಶ ಕಾರ್ನಾಡ. ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ 1958ರಲ್ಲಿ ಪದವಿ. ಒಲವು ಸಾಹಿತ್ಯದ ಕಡೆಗಿದ್ದರೂ ತೆಗೆದುಕೊಂಡದ್ದು ಗಣಿತ, ಸಂಖ್ಯಾಶಾಸ್ತ್ರ, ಏಕೆಂದರೆ ಅಂಕ ಬರುವುದು ಅಲ್ಲಿ. ರೋಡ್ಸ್ ವೇತನದಲ್ಲಿ ಆಕ್ಸ್‌ಫರ್ಡಿಗೆ ಹೊರಡುವ ಹೊತ್ತಿನ ತಳಮಳದಲ್ಲಿ ಬರೆದದ್ದು ‘ಯಯಾತಿ’. ಅಲ್ಲಿಗೆ ಹೋಗಿ 1962–63ರಲ್ಲಿ ಆಕ್ಸ್‌ಫರ್ಡ್ ಯೂನಿಯನ್‌ನ ಅಧ್ಯಕ್ಷರೂ ಆದರು. ವಿದ್ಯಾರ್ಥಿವೇತನದ ಸಮಿತಿ ಊಹಿಸಿದ ನಾಯಕತ್ವ ಅದೇ ಇರಬೇಕು. ಕನ್ನಡಕ್ಕೆ ದಕ್ಕಿದ್ದು ಮಾತ್ರ ಯಾವ ಅರ್ಜಿಯಲ್ಲೂ ಕಾಲಂ ಇರದಿದ್ದ ಆ ನಾಟಕ.

ನಮ್ಮ ಪದವಿ ಕಾಲೇಜಿನ ಹುಡುಗಿಗೆ ಖಾಸಗಿ ಪ್ರತಿಷ್ಠಾನವೊಂದರ ಅರ್ಜಿ ಕೊಟ್ಟು ನೋಡಿ. ‘ನೀವು ನಾಯಕತ್ವ ವಹಿಸಿದ ಸಂದರ್ಭ ವಿವರಿಸಿ’ ಎಂದಿರುತ್ತದೆ. ಅವಳು ಪೆನ್ನು ಕಚ್ಚುತ್ತಾ ಕೂರುತ್ತಾಳೆ. ಡಿಬೇಟ್ ಕ್ಲಬ್ ಇಲ್ಲ, ಕ್ಲಾಸ್ ರೆಪ್ ಆಗಿಲ್ಲ. ಕೊನೆಗೆ ‘ಇಲ್ಲ’ ಎಂದು ಬರೆಯುತ್ತಾಳೆ.

ಅದೇ ಹುಡುಗಿ ಹೈಸ್ಕೂಲಿನಿಂದಲೂ ಅಮ್ಮನ ಸ್ತ್ರೀಶಕ್ತಿ ಸಂಘದ ಲೆಕ್ಕ ಬರೆಯುತ್ತಿರುತ್ತಾಳೆ. ಕಂತು ತಪ್ಪಿಸಿದ ಚಿಕ್ಕಮ್ಮನ ಮನೆಗೆ ಹೋಗಿ ನಯವಾಗಿ ಕೇಳಿ ತಂದಿರುತ್ತಾಳೆ. ಬ್ಯಾಂಕ್ ಮ್ಯಾನೇಜರ್ ಎದುರು ಹದಿನೈದು ಹೆಂಗಸರ ಪರವಾಗಿ ಮಾತಾಡಿರುತ್ತಾಳೆ. ಅದು ನಾಯಕತ್ವವೆಂದು ಅವಳಿಗೆ ಯಾರೂ ಹೇಳಿಲ್ಲ. ಅರ್ಜಿ ಬರೆದ ಮಹಾನಗರದವರಿಗೂ ಗೊತ್ತಿಲ್ಲ.

---

ಊರಿನ ದತ್ತಿ, ಊರಿನ ಲೆಕ್ಕ

ಒಂದು ಲಕ್ಷ ರೂಪಾಯಿ ಠೇವಣಿಗೆ ಶೇಕಡ 6–7ರ ಬಡ್ಡಿ ಹಿಡಿದರೆ ವರ್ಷಕ್ಕೆ ಆರೇಳು ಸಾವಿರ. ಸರ್ಕಾರಿ ಕಾಲೇಜಿನ ಒಬ್ಬ ವಿದ್ಯಾರ್ಥಿಯ ಪರೀಕ್ಷಾ ಶುಲ್ಕ, ಪುಸ್ತಕ, ಬಸ್ ಪಾಸಿಗೆ ಆಸರೆ. ಊರ ಜಾತ್ರೆಯ ಒಂದು ರಾತ್ರಿಯ ಆರ್ಕೆಸ್ಟ್ರಾ ಇದಕ್ಕಿಂತ ಅಗ್ಗವೇನಲ್ಲ.

---

ಹಾಗಾದರೆ ಊರಿಗಾಗಿ ದುಡಿದವರಿಗೂ ಹಣ ಸಿಗಲು ದಾರಿ ಏನು? ವಿಧಾನಸೌಧದ ಆದೇಶಕ್ಕೆ ಕಾಯುವಷ್ಟು ದೊಡ್ಡ ಸಂಗತಿ ಇದಲ್ಲ. ಪೋರ್ಟಲ್ ತನ್ನ ಕೆಲಸ ಮಾಡಲಿ. ಬಡತನ, ಜಾತಿ, ಅಂಕ ನೋಡಿ ಕೊಡುವುದು ಹಕ್ಕಿನ ಹಣ, ಅದಕ್ಕೆ ಸೇವೆಯ ಷರತ್ತು ಹಾಕುವುದು ಅನ್ಯಾಯ. ಅಂಬೇಡ್ಕರರ ಕರಾರಿನ ಕಥೆ ಕೇಳಿದ ಮೇಲೆ ಯಾರೂ ಆ ಮಾತೆತ್ತಬಾರದು. ಬೇಕಿರುವುದು ಅದರ ಪಕ್ಕದಲ್ಲಿ ಇನ್ನೊಂದು, ಚಿಕ್ಕದು, ಊರಿನದೇ.

ರಾಮಗಿರಿಯಂಥ ಊರಿನಲ್ಲಿ ಬೆಂಗಳೂರು ಸೇರಿದ ಹಳೆಯ ವಿದ್ಯಾರ್ಥಿಗಳು, ಅಡಿಕೆ ದರ ಏರಿದಾಗ ನಾಲ್ಕು ಕಾಸು ಕಂಡ ತೋಟದವರು, ನಿವೃತ್ತ ಮೇಷ್ಟ್ರುಗಳು ಇದ್ದೇ ಇರುತ್ತಾರೆ. ಪದಕಕ್ಕೆ ಕೊಡುವ ದತ್ತಿಯನ್ನು ಹತ್ತಿರದ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿಗೆ ಕೊಟ್ಟು, ಷರತ್ತು ಬದಲಿಸಿದರೆ ಸಾಕು. ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದಲ್ಲಿ ಸಂಜೆ ಹೊತ್ತು ಚಿಕ್ಕಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವರು, ಬೆಟ್ಟದ ಮೆಟ್ಟಿಲ ಬಳಿಯ ಪ್ಲಾಸ್ಟಿಕ್ ಹೆಕ್ಕುವ ತಂಡ ಕಟ್ಟಿದವರು, ಅಜ್ಜ ಅಜ್ಜಿಯರ ಪಿಂಚಣಿ ಅರ್ಜಿ ತುಂಬಿಕೊಟ್ಟವರು – ಇಂಥವರಿಗೆ ಅಡ್ಮಿಷನ್ ದಿನವೇ, ಫೀಸು ಕಟ್ಟುವ ಹೊತ್ತಿಗೇ ಹಣ.

ಅಂಕ? ಪಾಸಾಗಿದ್ದರೆ ಸಾಕು. ಫಸ್ಟ್ ಕ್ಲಾಸಿನವರನ್ನು ನೋಡಿಕೊಳ್ಳಲು ದೆಹಲಿ, ಬೆಂಗಳೂರುಗಳಿವೆ.

ಪುರಾವೆ ಹೇಗೆ ಎಂದು ಕೇಳುವವರಿಗೆ ಉತ್ತರ ಸುಲಭ. ಹಳ್ಳಿಯಲ್ಲಿ ಯಾರು ಕೆಲಸ ಮಾಡಿದರು, ಯಾರು ಫೋಟೊಕ್ಕೆ ನಿಂತರು ಎಂಬುದು ಸಂಜೆಯೊಳಗೆ ಎಲ್ಲರಿಗೂ ಗೊತ್ತಾಗುತ್ತದೆ. ತೊಡಕಿರುವುದು ಆಯ್ಕೆ ಸಮಿತಿಯಲ್ಲಿ ಯಾರಿರಬೇಕು, ಅಧ್ಯಕ್ಷರು ಯಾರ ಪೈಕಿ ಎಂಬಲ್ಲಿ. ಆ ಜಗಳ ಮೊದಲ ಸಭೆಯಲ್ಲೇ ಶುರುವಾಗುತ್ತದೆ. ಆಗಲಿ, ಠೇವಣಿಯನ್ನು ಸಭೆಗೆ ಮುಂಚೆಯೇ ಇಟ್ಟುಬಿಟ್ಟಿದ್ದರೆ ಬಡ್ಡಿಯಂತೂ ಬೆಳೆಯುತ್ತಿರುತ್ತದೆ.